ಸೈಲೆಂಟ್ ವ್ಯಾಲಿಗೆ ಹೊರಟಿದ್ದೀರಾ? ಹುಲಿ ಹುಡುಕಬೇಡಿ

ಪ್ರಶ್ನೆ: ಡಿಸೆಂಬರ್ ರಜೆಗೆ ಮನೆಯವರೆಲ್ಲ ಕೇರಳದ ಸೈಲೆಂಟ್ ವ್ಯಾಲಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗೋಣ ಅಂದುಕೊಂಡಿದ್ದೇವೆ. ಹತ್ತು ವರ್ಷದ ಮಗ ಮತ್ತು ಮಂಡಿನೋವಿರುವ ಅಮ್ಮ ಜೊತೆಗಿರುತ್ತಾರೆ. ನಮ್ಮ ಕಾರಲ್ಲೇ ಒಳಗೆ ಹೋಗಬಹುದಾ? ಹುಲಿ ಕಾಣುತ್ತಾ? ಅರ್ಧ ದಿನ ಸಾಕಾ?

ಉತ್ತರ: ಕಾರಿನ ವಿಷಯ ಮೊದಲು ಮುಗಿಸಿಬಿಡೋಣ. ನಿಮ್ಮ ಕಾರು ಮುಕ್ಕಾಲಿವರೆಗೆ ಮಾತ್ರ. ಇದು ಪಾಲಕ್ಕಾಡ್ ಜಿಲ್ಲೆಯ ಮಣ್ಣಾರ್ಕಾಡ್‌ನಿಂದ ಅಟ್ಟಪಾಡಿ ಕಡೆಗೆ ಘಾಟಿ ಹತ್ತಿದರೆ ಸಿಗುವ ಸಣ್ಣ ಊರು. ಅಲ್ಲಿಂದ ಉದ್ಯಾನದೊಳಗಿನ ಸೈರಂಧ್ರಿಗೆ 23 ಕಿಲೋಮೀಟರ್, ಅರಣ್ಯ ಇಲಾಖೆ ಗೊತ್ತು ಮಾಡಿದ ಜೀಪಿನಲ್ಲಿ, ಗೈಡ್ ಜೊತೆಗೇ ಹೋಗಬೇಕು. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇರುವುದರಿಂದ ರಜೆಯಲ್ಲಿ ಸುಮ್ನೆ ಹೋಗಿ ನಿಂತರೆ ಜಾಗ ಸಿಗದೆ ವಾಪಸ್ ಬರಬೇಕಾದೀತು, ಮೊದಲೇ ಬುಕ್ ಮಾಡಿ. ಹಿಂದಿನ ರಾತ್ರಿ ಹತ್ತಿರದಲ್ಲೇ ಉಳಿದು ಬೆಳಗ್ಗೆ ಮೊದಲ ಜೀಪು ಹಿಡಿಯುವುದು ಒಳ್ಳೆಯದು. ಹೋಗಿ ಬರಲು ನಾಲ್ಕೈದು ಗಂಟೆ ಹಿಡಿಯುತ್ತದೆ, ಆ ದಿನ ಬೇರೇನೂ ಇಟ್ಟುಕೊಳ್ಳಬೇಡಿ.

ಈಗ ಹುಲಿ. ಇವೆ, ಆದರೆ ನಿಮಗೆ ಕಾಣುವುದು ತೀರಾ ಅಪರೂಪ. ಇದು ಬಂಡೀಪುರದಂಥ ಬಯಲು ಕಾಡಲ್ಲ, ಹತ್ತು ಅಡಿ ಆಚೆಗೆ ಏನೂ ಕಾಣದಷ್ಟು ದಟ್ಟವಾದ ಮಳೆಕಾಡು. ಹಾಗಾಗಿ ಮಗನಿಗೆ ಹುಲಿಯ ಆಸೆ ಹುಟ್ಟಿಸಿ ಕರೆದುಕೊಂಡು ಹೋಗಬೇಡಿ, ಪಾಪ, ಬೇಜಾರಾಗುತ್ತದೆ. ಸಿಂಗಳೀಕದ ಬಗ್ಗೆ ಹೇಳಿ. ನಮ್ಮ ಶರಾವತಿ, ಅಘನಾಶಿನಿ ಕಣಿವೆಗಳಲ್ಲಿರುವ ಅದೇ ಕರಿ ಮೈಯ, ಮುಖದ ಸುತ್ತ ಬಿಳಿ ಕೇಸರವಿರುವ ಕೋತಿ. ಅದಕ್ಕೆ ಅಲ್ಲಿನ 'ವೆಡಿಪ್ಲಾವು' ಮರದ ಕಾಯಿ ತುಂಬಾ ಇಷ್ಟ. ಆ ಕಾಯಿ ನೋಡಲು ಮುಳ್ಳುಮುಳ್ಳಾದ ಪುಟ್ಟ ಹಲಸಿನ ಹಾಗಿರುತ್ತದೆ. ಜೀಪಿನಲ್ಲಿ ಹೋಗುವಾಗ ರಸ್ತೆ ಬಿಟ್ಟು ಮರದ ತುದಿ ನೋಡುತ್ತಿರಲು ಮಗನಿಗೆ ಹೇಳಿ.

ಆದರೆ ನನ್ನ ಕೇಳಿದರೆ ಅಲ್ಲಿಗೆ ಹೋಗಬೇಕಾದ್ದು ನದಿಗಾಗಿ. ಸೈರಂಧ್ರಿಯಲ್ಲಿ ಸುಮಾರು 30 ಮೀಟರ್ ಎತ್ತರದ ವೀಕ್ಷಣಾ ಗೋಪುರವಿದೆ. ಹತ್ತಿ ನಿಂತರೆ ಕೆಳಗೆ ಕುಂತಿಪುಳ ಹರಿಯುವ ಕಣಿವೆ, ಸುತ್ತ ಬರೀ ಕಾಡು. 1970ರ ದಶಕದಲ್ಲಿ ಕರೆಂಟಿಗಾಗಿ ಈ ನದಿಗೆ ಅಲ್ಲೇ ಅಣೆಕಟ್ಟು ಕಟ್ಟಲು ಹೊರಟಿದ್ದರು. ಕಟ್ಟಿದ್ದರೆ ಕಣಿವೆಯ ತಳದ ಕಾಡೆಲ್ಲ ಮುಳುಗಿಹೋಗುತ್ತಿತ್ತು. ವಿಜ್ಞಾನವನ್ನು ಜನರಿಗೆ ತಲುಪಿಸುವ ಸಂಘಟನೆಯಾದ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿನವರು ಊರೂರಿಗೆ ಹೋಗಿ ಜನರಿಗೆ ವಿಷಯ ತಿಳಿಸಿದರು, ಕವಯಿತ್ರಿ ಸುಗತಕುಮಾರಿ ಮುಂದೆ ನಿಂತರು, ಪಕ್ಷಿತಜ್ಞ ಸಲೀಂ ಅಲಿ ದನಿಗೂಡಿಸಿದರು. ಕೊನೆಗೆ ಯೋಜನೆ ಕೈಬಿಟ್ಟು 1984ರಲ್ಲಿ ಇದನ್ನು ರಾಷ್ಟ್ರೀಯ ಉದ್ಯಾನ ಅಂತ ಘೋಷಿಸಿದರು, 1985ರಲ್ಲಿ ರಾಜೀವ್ ಗಾಂಧಿ ಉದ್ಘಾಟನೆ ಮಾಡಿದರು. ಇದನ್ನು ಮಗನಿಗೆ ಮನೆಯಲ್ಲೇ ಹೇಳಿಟ್ಟಿರಿ. ಗೋಪುರದ ಮೇಲೆ ನಿಂತಾಗ ಅವನು ಬರೀ ಹಸಿರು ನೋಡುವುದಿಲ್ಲ, ಮುಳುಗದೆ ಉಳಿದದ್ದನ್ನು ನೋಡುತ್ತಾನೆ ಅಲ್ವಾ?

ಡಿಸೆಂಬರ್ ಒಳ್ಳೆಯ ಕಾಲ. ಮಳೆಗಾಲದಲ್ಲಾದರೆ ಇಂಬಳದ ಕಾಟ ಜಾಸ್ತಿ. ಕಣ್ಣು ಕುಕ್ಕುವ ಬಣ್ಣದ ಬಟ್ಟೆ ಬೇಡ, ಪ್ಲಾಸ್ಟಿಕ್ ಬೇಡ, ಜೋರು ಮಾತಂತೂ ಬೇಡವೇ ಬೇಡ.

ಅಮ್ಮನ ಬಗ್ಗೆ ನೇರವಾಗಿ ಹೇಳುತ್ತೇನೆ. ಗೋಪುರದ ಮೆಟ್ಟಿಲು ಅವರಿಗೆ ಆಗುವುದಿಲ್ಲ. ಅಲ್ಲಿಂದ ನದಿಗೆ ಇಳಿಯುವ ಒಂದೂವರೆ ಕಿಲೋಮೀಟರ್ ದಾರಿಯೂ ಕಷ್ಟ, ಇಳಿದಷ್ಟೂ ಮತ್ತೆ ಹತ್ತಬೇಕಲ್ಲ. ಅದಕ್ಕಿಂತ ಜಾಸ್ತಿ ಯೋಚಿಸಬೇಕಾದ್ದು ಜೀಪಿನ ಕುಲುಕಾಟ. ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ನಿಧಾನ ಹೋಗಲು ಡ್ರೈವರ್‌ಗೆ ಹೊರಡುವಾಗಲೇ ಹೇಳಿ. ನೀವು ಗೋಪುರ ಹತ್ತುವಾಗ ಯಾರಾದರೂ ಒಬ್ಬರು ಅವರ ಜೊತೆ ಕೆಳಗೆ ಕೂತಿರಿ, ಆಮೇಲೆ ಸರದಿ ಬದಲಾಯಿಸಿಕೊಳ್ಳಿ. ಮರಗಳ ನಡುವೆ ಕೂತು ಹಕ್ಕಿಗಳ ಕೂಗು ಕೇಳಲು ಮಂಡಿ ಗಟ್ಟಿಯಿರಬೇಕು ಅಂತೇನಿಲ್ಲ.