ಅಲಸಂದೆಗೆ ಬರ ಯಾವಾಗ ಬಂತು?

ಪ್ರಶ್ನೆ: ಮೇಡಂ, ನಮ್ಮದು ಮೂರು ಎಕರೆ ಕೆಂಪು ಮಣ್ಣಿನ ಖುಷ್ಕಿ. ರಾಗಿ ಜೊತೆ ಅಕ್ಕಡಿಗೆ ಅಜ್ಜಿ ಕಾಲದ ಅಲಸಂದೆ ಹಾಕ್ತೀವಿ. ಕಳೆದ ಸಲ ಬಿತ್ತಿ ತಿಂಗಳಿಗೆ ಮಳೆ ಕೈಕೊಟ್ಟಿತು. ಕೆಲವು ಗಿಡ ಸತ್ತವು, ಕೆಲವು ಉಳಿದವು. ಉಳಿದವುಗಳ ಬೀಜ ಎತ್ತಿಟ್ಟರೆ ಬರ ತಡೆಯುವ ತಳಿಯನ್ನು ನಾನೇ ಮಾಡಿಕೊಳ್ಳಬಹುದಾ?
— ಓದುಗರೊಬ್ಬರು, ಪಾವಗಡ

ಉತ್ತರ: ಮಾಡಿಕೊಳ್ಳಬಹುದು. ಅದಕ್ಕೆ ಅಲಸಂದೆ ಹೇಳಿ ಮಾಡಿಸಿದ ಬೆಳೆ. ಹೂವು ಬಾಯಿ ಬಿಡುವ ಹೊತ್ತಿಗೆ ಒಳಗೇ ಪರಾಗ ಬಿದ್ದು ಕೆಲಸ ಮುಗಿದಿರುತ್ತದೆ. ಮುಸುಕಿನ ಜೋಳದ ಹಾಗೆ ಪಕ್ಕದ ಹೊಲದ ಗಾಳಿ ಬೀಸಿ ಜಾತಿ ಕೆಡುವ ಭಯ ಕಡಿಮೆ. ಇನ್ನು ಅಜ್ಜಿ ಕಾಲದ ಬೀಜ ಅಂದಿರಲ್ಲ, ಒಂದು ಹಿಡಿ ಮೊರಕ್ಕೆ ಹಾಕಿ ನೋಡಿ. ಬಿಳಿ, ಕಂದು, ಚುಕ್ಕೆಯದು, ಎಲ್ಲ ಸಿಗಬಹುದು. ಆ ಬೆರಕೆಯೇ ನಿಮ್ಮ ಆಸ್ತಿ. ಎಲ್ಲ ಒಂದೇ ಆಗಿದ್ದರೆ ಆರಿಸುವುದಕ್ಕೆ ಏನಿರುತ್ತಿತ್ತು?

ಆದರೆ ಉಳಿದ ಗಿಡ ಯಾಕೆ ಉಳಿಯಿತು ಅಂತ ಮೊದಲು ನೋಡಿ. ನಾನು ಕೆಲಸಕ್ಕೆ ಸೇರಿದ ವರ್ಷ ಒಣಗಿ ನಿಂತ ತಾಕಿನಲ್ಲಿ ಹನ್ನೊಂದು ಹಸಿರು ಗಿಡ ಹುಡುಕಿ, ಒಂದೊಂದಕ್ಕೂ ಕೆಂಪು ದಾರ ಕಟ್ಟಿ, ಬಹಳ ಬೀಗಿದ್ದೆ. ಹೊಲದ ಕೆಲಸಕ್ಕೆ ಬರುತ್ತಿದ್ದ ಅಜ್ಜಿಯೊಬ್ಬರು ಏನೂ ಮಾತಾಡದೆ ಕುಡುಗೋಲಿನ ತುದಿಯಿಂದ ಬುಡ ಕೆದಕಿದರು. ಎರಡು ಬೆರಳು ಕೆಳಗೆ ಮಣ್ಣು ತಣ್ಣಗಿತ್ತು. ಬದುವಿನ ನೀರು ಬಂದು ನಿಲ್ಲುವ ತಗ್ಗು ಅದು. ‘ಇದು ಗಿಡದ ಗುಣ ಅಲ್ಲ ಕಣವ್ವಾ, ಗುಂಡಿ ಗುಣ’ ಅಂದರು. ಹನ್ನೊಂದರಲ್ಲಿ ಎಂಟು ದಾರ ಅವತ್ತೇ ಬಿಚ್ಚಿದೆ.

ಹಾಗಾಗಿ ದಾರ ಕಟ್ಟುವ ಮುಂಚೆ ಅಕ್ಕಪಕ್ಕ ನೋಡಿ. ಸುತ್ತ ಎಲ್ಲ ಬಾಡಿ, ನಡುವೆ ಇದೊಂದೇ ನಿಂತಿದ್ದರೆ ಕಟ್ಟಿ. ಹತ್ತು ಗಿಡ ಒಟ್ಟಿಗೆ ಹಸಿರಾಗಿದ್ದರೆ ಅದು ಮಣ್ಣಿನ ಉಪಕಾರ.

ಎರಡನೆಯದು, ನಿಮ್ಮ ಹೊಲಕ್ಕೆ ಬರ ಯಾವಾಗ ಬರುತ್ತದೆ? ಸುಮ್ನೆ ‘ಬರ ತಡೆಯುವ ತಳಿ’ ಅಂದರೆ ನನಗೆ ಏನೂ ಹೇಳಿದಂತಾಗುವುದಿಲ್ಲ. ಸಹಾರಾ ಮರುಭೂಮಿಯ ತೆಂಕಣಕ್ಕಿರುವ ಸಾಹೇಲ್ ಸೀಮೆಯವರು ಇದನ್ನು ಕಷ್ಟಪಟ್ಟು ಕಲಿತರು. 1960ರ ದಶಕದ ಕೊನೆಯಿಂದ ಅಲ್ಲಿ ಮಳೆಗಾಲ ಕುಗ್ಗಿತು. ಮಳೆ ಹೋಗುವುದರೊಳಗೆ ಕೊಯ್ಲಾಗಬೇಕು ಅಂತ 60-65 ದಿನಕ್ಕೆ ಮುಗಿಯುವ ಅಲಸಂದೆ ತಳಿಗಳನ್ನು ಮಾಡಿದರು. ಕೊನೆಗೆ ಬರುವ ಬರಕ್ಕೆ ಅವು ಸರಿಹೋದವು. ಆದರೆ ಮಧ್ಯದಲ್ಲಿ ಮಳೆ ನಿಂತರೆ ಅವಕ್ಕೇ ಏಟು ಜಾಸ್ತಿ. ಅವಸರದ ಗಿಡ ಹೂವನ್ನೆಲ್ಲ ಕೆಲವೇ ದಿನದಲ್ಲಿ ಬಿಡುತ್ತದೆ. ಆ ದಿನಗಳಲ್ಲಿ ನೀರಿಲ್ಲ ಅಂದರೆ ಮತ್ತೊಂದು ಅವಕಾಶ ಇಲ್ಲ.

ಇದಕ್ಕೆ ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿದ್ದ ಬೆಳೆ ವಿಜ್ಞಾನಿ ಆಂಟನಿ ಹಾಲ್ ಮತ್ತು ಅವರ ಜೊತೆಯವರು ಬೇರೆ ಗುಣದ ಬೆನ್ನು ಹತ್ತಿದರು. ಮೊದಲ ಸುತ್ತಿನ ಕಾಯಿ ಬಲಿತ ಮೇಲೂ ಎಲೆ ಉದುರಿಸದೆ ನಿಲ್ಲುವ ಗಿಡ. ಮತ್ತೆ ಮಳೆ ಬಂದರೆ ಅದು ಎರಡನೇ ಸುತ್ತು ಹೂ ಬಿಡುತ್ತದೆ. ಸೆನೆಗಲ್‌ನಲ್ಲಿ ಇನ್ನೂ ಒಂದು ಪ್ರಯೋಗ ಆಯಿತು. ಬೇಗ ಬರುವ ನೆಟ್ಟನೆ ತಳಿ ಒಂದು ಸಾಲು, ಸ್ವಲ್ಪ ತಡವಾಗಿ ಬರುವ ಹಬ್ಬುವ ತಳಿ ಒಂದು ಸಾಲು. ಯಾವ ಬರ ಬಂದರೂ ಏನೋ ಒಂದು ಕೈಗೆ ಸಿಕ್ಕಿತು. ಅಕ್ಕಡಿ ಹಾಕುವ ನಿಮಗೆ ಈ ಲೆಕ್ಕ ಹೊಸದೇನಲ್ಲ, ಅಲ್ವಾ?

ನಿಮ್ಮದು ಬಿತ್ತಿ ತಿಂಗಳಿಗೆ ಬಂದ ಬರ. ಇನ್ನೂ ಎಳೆಯ ಗಿಡ. ಇದನ್ನು ಪರೀಕ್ಷಿಸಲು ನೈಜೀರಿಯಾದ ಕಾನೋದಲ್ಲಿ ನಮ್ಮ ದೇಶದವರೇ ಆದ ತಳಿ ವಿಜ್ಞಾನಿ ಬಿ.ಬಿ. ಸಿಂಗ್ ಮತ್ತು ಜೊತೆಗಾರರು ಮರದ ಪೆಟ್ಟಿಗೆಯ ವಿಧಾನ ತಂದರು. ಪೆಟ್ಟಿಗೆ 15 ಸೆಂಟಿಮೀಟರ್ ಆಳ, ಅಷ್ಟೇ. ಅಷ್ಟು ಕಡಿಮೆ ಯಾಕೆ ಅಂದರೆ, ಯಾವ ಗಿಡವೂ ಬೇರನ್ನು ಆಳಕ್ಕೆ ಬಿಟ್ಟು ತಪ್ಪಿಸಿಕೊಳ್ಳಬಾರದು. ಮೂರೆಲೆಯ ಮೊದಲ ಗರಿ ಬರುವ ತನಕ ನೀರು ಕೊಡುವುದು, ಆಮೇಲೆ ನಿಲ್ಲಿಸುವುದು, ಬಾಡಿದ ಗಿಡ ಎಷ್ಟು ಅಂತ ದಿನಾ ಎಣಿಸುವುದು. ಕೊನೆಗೆ ಮತ್ತೆ ನೀರು ಹಾಕಿ ಯಾರು ಎದ್ದರು ನೋಡುವುದು.

ನಾನೂ ಹಳೆಯ ಹಲಗೆ ಹೊಡೆಸಿ ಮಾಡಿ ನೋಡಿದ್ದೇನೆ. ಬೆಳಿಗ್ಗೆ ಏಳಕ್ಕೆ ಎಲ್ಲ ಸಸಿಯೂ ಚೆನ್ನಾಗಿಯೇ ಕಾಣುತ್ತವೆ. ಮಧ್ಯಾಹ್ನ ಒಂದು ಗಂಟೆಗೆ ಹೋಗಬೇಕು. ಎಲೆಗಳು ಬಿಸಿಲಿಗೆ ಮುಖ ಕೊಡದೆ ಅಂಚು ತಿರುಗಿಸಿ ನಿಂತಿರುತ್ತವೆ. ಅದು ಬಾಡಿದ್ದಲ್ಲ, ಜಾಣತನ. ಸಿಂಗ್ ಅವರ ಪೆಟ್ಟಿಗೆಯಲ್ಲಿ ತಾಳಿಕೊಂಡ ಗಿಡಗಳಲ್ಲೂ ಎರಡು ಬಗೆ ಇದ್ದವು. ಒಂದು ಬಗೆ ನೀರು ನಿಂತ ಕೂಡಲೇ ಬೆಳೆಯುವುದನ್ನೇ ನಿಲ್ಲಿಸಿ, ಇದ್ದ ತೇವ ಉಳಿಸಿಕೊಂಡು ಕೂರುತ್ತದೆ. ಇನ್ನೊಂದು ಬಗೆ ಕೆಳಗಿನ ಎಲೆಯ ತೇವ ಎಳೆದು ತುದಿಗೆ ಕೊಡುತ್ತದೆ. ಕೆಳಗಿನ ಜೋಡಿ ಎಲೆ ಹಳದಿಯಾಗಿ ಬಿದ್ದರೂ ಕುಡಿ ಜೀವಂತ. ಅಲ್ಲಿನ ನಾಡತಳಿ ‘ದಾನ್ ಇಲಾ’ ಈ ಎರಡನೇ ಜಾತಿ. ಮನೆಯ ಹಿರಿಯರು ತಾವು ಉಪವಾಸ ಇದ್ದು ಮಗುವಿಗೆ ಬಡಿಸಿದ ಹಾಗೆ.

ನೀವೂ ಮಾಡಬಹುದು. ಒಂದು ಗೇಣಿಗಿಂತ ಕಡಿಮೆ ಆಳದ ಟ್ರೇ, ನಿಮ್ಮ ಹೊಲದ ಮಣ್ಣು ಅರ್ಧ, ಮರಳು ಅರ್ಧ. ದಾರ ಕಟ್ಟಿದ ಒಂದೊಂದು ಗಿಡದ ಬೀಜ ಒಂದೊಂದು ಸಾಲು. ಹೋಲಿಸಲು ಪಕ್ಕದಲ್ಲಿ ಸಿ-152 ಅನ್ನುವ ಅಲಸಂದೆ ತಳಿ ಒಂದು ಸಾಲು ಹಾಕಿ. ಮಳೆ ಬೀಳದ ಕಡೆ ಇಡಿ. ನನ್ನ ಬೇಸಿಗೆ ಟ್ರಯಲ್ ಒಂದು ಭರಣಿ ಮಳೆಗೆ ಹೋಯಿತು. ಭರಣಿ ಬಂದರೆ ಧರಣಿಯೆಲ್ಲ ಬೆಳೆ ಅಂತ ಊರೆಲ್ಲ ಕುಣಿಯುತ್ತಿತ್ತು. ನಾನೊಬ್ಬಳೇ ಜಗಲಿಯಲ್ಲಿ ಮುಖ ಊದಿಸಿಕೊಂಡು ಕೂತಿದ್ದೆ.

ಪೆಟ್ಟಿಗೆಯಲ್ಲಿ ಗೆದ್ದದ್ದೆಲ್ಲ ಹೊಲದಲ್ಲಿ ಗೆಲ್ಲುವುದಿಲ್ಲ. ಪೆಟ್ಟಿಗೆ ಬೇರನ್ನು ನೋಡುವುದೇ ಇಲ್ಲ. ಮುಂದಿನ ಮುಂಗಾರಿಗೆ ಗೆದ್ದ ಸಾಲುಗಳನ್ನು ಬೇರೆಬೇರೆಯಾಗಿಯೇ ಬಿತ್ತಿ, ಕೊನೆಗೆ ಕಾಯಿ ತೂಗಿ. ಸೊಂಪಾಗಿ ಹಸಿರಾಗಿದ್ದು ನಾಲ್ಕು ಕಾಯಿ ಬಿಡದ ಗಿಡಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವು ದನಕ್ಕೆ ಒಳ್ಳೆಯದು.

ಪ್ರಶ್ನೆ: ಅಂಗಡಿಯವರು ‘ಐಟಿ’ ಅಲಸಂದೆ ಅಂದರು. ಇದೇನು ಕಂಪ್ಯೂಟರ್ ಬೀಜವಾ? ಕುಲಾಂತರಿ ಏನಾದರೂ ಇರಬಹುದಾ?
— ಪಿಯುಸಿ ವಿದ್ಯಾರ್ಥಿನಿ, ಮಾಗಡಿ

ಉತ್ತರ: ನಗು ಬಂತು, ಆದರೆ ಒಳ್ಳೆಯ ಪ್ರಶ್ನೆ. ಅದು ಐಟಿ-38956-1 ಇರಬೇಕು. ನೈಜೀರಿಯಾದ ಇಬಾದಾನ್‌ನಲ್ಲಿ 1967ರಲ್ಲಿ ಶುರುವಾದ ಅಂತರರಾಷ್ಟ್ರೀಯ ಉಷ್ಣವಲಯ ಕೃಷಿ ಸಂಸ್ಥೆಯ ಗುರುತು ಆ ‘ಐಟಿ’. ಜಗತ್ತಿನ ಅತಿ ದೊಡ್ಡ ಅಲಸಂದೆ ಬೀಜದ ಉಗ್ರಾಣ ಇರುವುದೂ ಅಲ್ಲೇ. ನಮ್ಮಲ್ಲಿ ಬಿತ್ತುವ ಟಿವಿಎಕ್ಸ್-944 ಕೂಡ ಅಲ್ಲಿಂದ ಬಂದದ್ದು. ಅಲಸಂದೆಯ ತವರೇ ಆಫ್ರಿಕಾ, ಹಾಗಾಗಿ ಇದು ತವರಿನ ಉಡುಗೊರೆ ಅನ್ನಿ.

ಕುಲಾಂತರಿ ಅಲ್ಲ. ಕುಲಾಂತರಿ ಅಲಸಂದೆಗೆ 2019ರಲ್ಲಿ ನೈಜೀರಿಯಾ ಒಪ್ಪಿಗೆ ಕೊಟ್ಟಿತು. ಅದು ಕಾಯಿಕೊರಕ ಹುಳುವಿಗಾಗಿ, ಬರಕ್ಕಲ್ಲ. ಎರಡು ತಳಿ ಬೆರೆಸಿ ಹೊಸದು ಮಾಡುವುದು ಚಿಮಟದ ಕೆಲಸ. ಸಂಜೆ ಮೊಗ್ಗು ಬಿಡಿಸಿ ಕೇಸರ ಕೀಳುವುದು, ಬೆಳಿಗ್ಗೆ ಬೇರೆ ಗಿಡದ ಪರಾಗ ಮುಟ್ಟಿಸುವುದು. ನನ್ನ ಕೈಯಲ್ಲಿ ಹತ್ತು ಹೂವಿಗೆ ಎರಡು ನಿಂತರೆ ಅವತ್ತು ಒಳ್ಳೆಯ ದಿನ. ಉಳಿದವು ಮೂರನೇ ದಿನಕ್ಕೆ ನೆಲದ ಮೇಲೆ.

ಪ್ರಶ್ನೆ: ಬಿತ್ತನೆಗೆ ಇಟ್ಟ ಅಲಸಂದೆ ಪ್ರತಿ ವರ್ಷ ಹುಳ ಹಿಡಿದು ಪುಡಿಯಾಗುತ್ತದೆ. ಏನು ಮಾಡಲಿ?
— ಗೃಹಿಣಿ, ಹುಳಿಯಾರು

ಉತ್ತರ: ಹುಳ ನಿಮ್ಮ ಡಬ್ಬದಲ್ಲಿ ಹುಟ್ಟಿದ್ದಲ್ಲ, ಹೊಲದಿಂದಲೇ ಬಂದಿರುತ್ತದೆ. ಕಾಳಿನ ಮೇಲೆ ಬಿಳಿ ಚುಕ್ಕೆ ಕಂಡರೆ ಅದೇ ಮೊಟ್ಟೆ. ಅಂಥ ಕಾಳು ಆರಿಸಿ ತೆಗೆಯಿರಿ. ಉಳಿದದ್ದನ್ನು ಕಚ್ಚಿದರೆ ಕಟ್ ಅನ್ನುವ ತನಕ ಒಣಗಿಸಿ. ಆಫ್ರಿಕಾದಲ್ಲಿ ಇದಕ್ಕೆ ಮೂರು ಪದರದ ಚೀಲ ಬಳಸುತ್ತಾರೆ. ಒಳಗೆ ಎರಡು ದಪ್ಪ ಪ್ಲಾಸ್ಟಿಕ್, ಹೊರಗೆ ನೇಯ್ದ ಚೀಲ. ಬಾಯಿ ಬಿಗಿಯಾಗಿ ಕಟ್ಟಿದರೆ ಹುಳಗಳು ಒಳಗಿನ ಗಾಳಿ ತಾವೇ ಮುಗಿಸಿಕೊಂಡು ಅಡಗುತ್ತವೆ.

ನಿಮ್ಮದು ಎರಡು ಮೂರು ಕೇಜಿ ತಾನೇ? ಬಿಗಿ ಮುಚ್ಚಳದ ಗಾಜಿನ ಬಾಟಲಿಗೆ ಕಂಠಪೂರ್ತಿ ತುಂಬಿ. ಖಾಲಿ ಜಾಗ ಬಿಟ್ಟರೆ ಅಷ್ಟೂ ಹುಳಕ್ಕೆ ಉಸಿರು. ಎರಡು ತಿಂಗಳು ತೆಗೆದು ನೋಡಬೇಡಿ. ಮೇಲೆ ದೊಡ್ಡದಾಗಿ ‘ಬೀಜ, ಸಾರಿಗಲ್ಲ’ ಅಂತ ಚೀಟಿ ಅಂಟಿಸಿ. ನಮ್ಮನೆಯಲ್ಲಿ ನಾಲ್ಕು ವರ್ಷ ಆರಿಸಿದ ಬೀಜ ಒಂದು ಭಾನುವಾರ ಬಸ್ಸಾರಾಯಿತು. ಮಾಡಿದವರು ನಮ್ಮ ಅತ್ತೆ, ಹಾಗಾಗಿ ಊಟ ಮಾಡಿ ಸುಮ್ಮನಿದ್ದೆ.