ಪೆನ್ಸಿಲ್ ಚಿತ್ರಕ್ಕೆ ಹಚ್ಚಿದ ಬಣ್ಣ ಮಂಕಾಗುವುದೇಕೆ?

ಪ್ರಶ್ನೆ: ಅಜ್ಜಿಯ ತೊಟ್ಟಿಮನೆಯ ಅಂಗಳವನ್ನು ಪೆನ್ಸಿಲ್‌ನಲ್ಲಿ ಬಿಡಿಸಿ, ಮೊಬೈಲಿನಲ್ಲಿ ಫೋಟೊ ತೆಗೆದು, ಕ್ರಿಟಾ ತಂತ್ರಾಂಶದಲ್ಲಿ ಬಣ್ಣ ಹಚ್ಚಿದ್ದೇನೆ. ಪೆನ್ಸಿಲ್ ಪದರವನ್ನು ಮೇಲೆ ‘ಮಲ್ಟಿಪ್ಲೈ’ ವಿಧಾನದಲ್ಲಿಟ್ಟು, ಅದರ ಕೆಳಗೆ ಬಣ್ಣ ತುಂಬಿದರೂ ಎಲ್ಲವೂ ಕೆಸರು ಕದಡಿದಂತೆ ಕಾಣುತ್ತದೆ. ತಪ್ಪೆಲ್ಲಿದೆ? ಚಿತ್ರ ಬಿಡಿಸಲೆಂದೇ ಇರುವ, ಪರದೆಯುಳ್ಳ ದುಬಾರಿ ಟ್ಯಾಬ್ಲೆಟ್ ಕೊಂಡರೆ ಸರಿಹೋದೀತೆ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ತಪ್ಪು ನಿಮ್ಮ ಬಣ್ಣದ ಆಯ್ಕೆಯಲ್ಲಿಲ್ಲ, ಕಾಗದದಲ್ಲಿದೆ. ಮಲ್ಟಿಪ್ಲೈ ಎಂದರೆ ಹೆಸರೇ ಹೇಳುವಂತೆ ಗುಣಾಕಾರ: ಮೇಲಿನ ಪದರದ ಬೆಳಕಿನ ಬೆಲೆಯನ್ನು (ಕಪ್ಪಿಗೆ 0, ಬಿಳಿಗೆ 255) ಕೆಳಗಿನದರಿಂದ ಗುಣಿಸಿ 255ರಿಂದ ಭಾಗಿಸಲಾಗುತ್ತದೆ. ಕಾಗದವು ಪೂರ್ಣ ಬಿಳಿ, ಅಂದರೆ 255 ಆಗಿದ್ದರೆ ಕೆಳಗಿನ ಬಣ್ಣ ಇದ್ದಂತೆಯೇ ಉಳಿಯುತ್ತದೆ. ಆದರೆ ಮನೆಯ ಬೆಳಕಿನಲ್ಲಿ ತೆಗೆದ ಫೋಟೊದಲ್ಲಿ ಕಾಗದವು ಕಣ್ಣಿಗೆ ಬಿಳಿಯೆನಿಸಿದರೂ ವಾಸ್ತವವಾಗಿ ಬೂದು; ಅದರ ಬೆಲೆ 190ರಷ್ಟಿದ್ದರೆ ನೀವು ಹಚ್ಚಿದ ಪ್ರತಿಯೊಂದು ಬಣ್ಣವೂ ತನ್ನ ಬೆಳಕಿನ ಕಾಲು ಭಾಗವನ್ನು ಕಳೆದುಕೊಳ್ಳುತ್ತದೆ. ಆದ್ದರಿಂದ ಬಣ್ಣ ಮುಟ್ಟುವ ಮೊದಲು ಕಪ್ಪು-ಬಿಳುಪಿನ ಮಟ್ಟ ಹೊಂದಿಸುವ ‘ಲೆವೆಲ್ಸ್’ ತೆರೆದು, ಬಿಳಿಯ ಗುಂಡಿಯನ್ನು ಅಲ್ಲಿ ಕಾಣುವ ಬೆಳಕಿನ ನಕ್ಷೆಯಲ್ಲಿ ಕಾಗದವನ್ನು ಸೂಚಿಸುವ ದೊಡ್ಡ ದಿಬ್ಬದ ಎಡ ಅಂಚಿನವರೆಗೆ ಎಳೆಯಿರಿ. ಕಪ್ಪಿನ ಗುಂಡಿಯನ್ನು ತುಸುವೇ ಬಲಕ್ಕೆ ಸರಿಸಿದರೆ ಗೆರೆಗಳು ಗಟ್ಟಿಯಾಗುತ್ತವೆ.

ಫೋಟೊದ ಒಂದು ಮೂಲೆ ಬೆಳಗಿ ಇನ್ನೊಂದು ಮಬ್ಬಾಗಿದ್ದರೆ ಈ ಉಪಾಯ ಪೂರ್ತಿ ಫಲಿಸದು. ಸಾಧ್ಯವಾದರೆ ಸ್ಕ್ಯಾನ್ ಮಾಡಿಸಿ. 300 ಡಿಪಿಐ (ಅಂಗುಲಕ್ಕೆ 300 ಚುಕ್ಕೆ) ಸಾಕು, ಎ4 ಹಾಳೆಗೆ ಅದು 2480×3508 ಪಿಕ್ಸೆಲ್ ಕೊಡುತ್ತದೆ. 600ಕ್ಕೆ ಏರಿಸಿದರೆ ಪಿಕ್ಸೆಲ್‌ಗಳು ನಾಲ್ಕು ಪಟ್ಟಾಗಿ ಹಳೆಯ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ. ಅಂಗಡಿಯವರು ಕಪ್ಪು-ಬಿಳುಪು ಸ್ಕ್ಯಾನ್ ಕೊಟ್ಟರೆ ಕ್ರಿಟಾ ಆ ಕಡತವನ್ನು ಗ್ರೇಸ್ಕೇಲ್ (ಬರಿ ಬೂದು ಛಾಯೆಗಳ ಚಿತ್ರ) ಎಂದೇ ತೆರೆಯುವುದರಿಂದ, ಕೆಂಪು ಹಚ್ಚಿದರೂ ಬೂದುಬಣ್ಣವೇ ಮೂಡುತ್ತದೆ. ‘ಇಮೇಜ್’ ಪಟ್ಟಿಯಲ್ಲಿ ಬಣ್ಣದ ವಲಯವನ್ನು ಆರ್‌ಜಿಬಿಗೆ, ಅಂದರೆ ಕೆಂಪು-ಹಸಿರು-ನೀಲಿಗೆ, ಬದಲಿಸಿಕೊಳ್ಳಬೇಕು. ಹೊಸಬರು ತಂತ್ರಾಂಶವೇ ಕೆಟ್ಟಿತೆಂದು ಗಾಬರಿಯಾಗುವುದು ಇಲ್ಲಿಯೇ.

ಎರಡನೆಯ ಕಾರಣ ನಿಮ್ಮ ಪೆನ್ಸಿಲ್ ನೆರಳು. ಜಗಲಿಯ ಕೆಳಗೆ, ಕಂಬದ ಪಕ್ಕದಲ್ಲಿ ನೀವು ಪೆನ್ಸಿಲ್‌ನಿಂದ ಉಜ್ಜಿ ತುಂಬಿರುವ ಕಪ್ಪೂ ಕೆಳಗಿನ ಬಣ್ಣದೊಡನೆ ಗುಣಿಸಲ್ಪಡುತ್ತದೆ. ಅದರ ಜೊತೆಗೆ ಮತ್ತೆ ಗಾಢ ಬಣ್ಣದ ನೆರಳು ಹಾಕಿದರೆ ಒಂದೇ ನೆರಳು ಎರಡು ಬಾರಿ ಬಿದ್ದಂತಾಗುತ್ತದೆ. ಬಣ್ಣ ಹಾಕಲೆಂದೇ ಬಿಡಿಸುವ ಚಿತ್ರದಲ್ಲಿ ಗೆರೆ ಮಾತ್ರ ಇರಲಿ, ನೆರಳನ್ನು ಬಣ್ಣಕ್ಕೆ ಬಿಡಿ ಎಂಬುದು ನನ್ನ ಅಭಿಪ್ರಾಯ. ಈಗಿನ ಚಿತ್ರವನ್ನು ಉಳಿಸಿಕೊಳ್ಳಬೇಕೆಂದರೆ ಪೆನ್ಸಿಲ್ ಪದರವನ್ನು ಕಪ್ಪಿನಿಂದ ಕಾವಿಗಂದಿಗೆ ತಿರುಗಿಸಿ. ನೆರಳಿಗೆ ಅದೇ ಬಣ್ಣಕ್ಕೆ ಕಪ್ಪು ಬೆರೆಸುವ ಬದಲು, ಬಿಸಿಲಿನ ಅಂಗಳವಾದ್ದರಿಂದ ಅದನ್ನು ನೀಲಿಯ ಕಡೆಗೆ ಸರಿಸಿ ನೋಡಿ.

ಇಷ್ಟಾದರೂ ಅದು ಬಣ್ಣ ತುಂಬಿದ ರೇಖಾಚಿತ್ರವೇ ಹೊರತು ವರ್ಣಚಿತ್ರವಲ್ಲ. ಪೆನ್ಸಿಲ್ ಪದರದ ಮೇಲೊಂದು ಹೊಸ ಪದರ ತೆರೆದು, ಅಪಾರದರ್ಶಕ ಕುಂಚದಿಂದ ಗೆರೆಗಳನ್ನು ಅಲ್ಲಲ್ಲಿ ಮುಚ್ಚುತ್ತ ಬಂದಾಗ, ಕಂಬದ ಅಂಚು ಗೆರೆಯಿಂದಲ್ಲದೆ ಎರಡು ಬಣ್ಣಗಳು ಕೂಡುವಲ್ಲಿ ತಾನಾಗಿ ಹುಟ್ಟುತ್ತದೆ. ಶ್ರಮಪಟ್ಟು ಎಳೆದ ಗೆರೆಯನ್ನು ಮುಚ್ಚಲು ಕೈ ಬಾರದು, ನಿಜ. ಆದರೆ ಸಾಂಪ್ರದಾಯಿಕ ಮೈಸೂರು ಶೈಲಿಯ ಚಿತ್ರಕಾರರು ಹುಣಸೆ ಕಡ್ಡಿಯನ್ನು ಸುಟ್ಟ ಇದ್ದಿಲಿನಿಂದ ಮೊದಲ ರೇಖೆ ಎಳೆದು, ಆಕಾಶ, ಬೆಟ್ಟ, ನದಿಗಳಂಥ ದೂರದ ವಸ್ತುಗಳಿಗೆ ಮೊದಲು ಬಣ್ಣ ಹಾಕಿ, ಮನುಷ್ಯಾಕೃತಿಗಳನ್ನು ಕೊನೆಗೆ ಸಾವಕಾಶವಾಗಿ ತಿದ್ದುತ್ತಿದ್ದರು. ನೀವೂ ಅದೇ ಕ್ರಮದಲ್ಲಿ ಹಿಂದಿನ ಗೋಡೆಯಿಂದ ಆರಂಭಿಸಿ ಮುಂಗಂಬಕ್ಕೆ ಬನ್ನಿ. ನಡುನಡುವೆ ‘ಎಂ’ ಕೀಲಿ ಒತ್ತಿದರೆ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿ, ವಾಲಿದ ಕಂಬ ಕೂಡಲೇ ಕಣ್ಣಿಗೆ ಬೀಳುತ್ತದೆ.

ದುಬಾರಿ ಟ್ಯಾಬ್ಲೆಟ್ ಈಗ ಬೇಡ. ಒತ್ತಡಕ್ಕೆ ಸ್ಪಂದಿಸುವ, ಪರದೆಯಿಲ್ಲದ ಸಣ್ಣ ಪೆನ್ ಟ್ಯಾಬ್ಲೆಟ್ ಸಾಕು. ಕೈ ಒಂದೆಡೆ, ಕಣ್ಣು ಇನ್ನೊಂದೆಡೆ ಇರುವ ತೊಡಕು ಕೆಲವು ವಾರಗಳ ಅಭ್ಯಾಸದಿಂದ ಕಳೆಯುತ್ತದೆ. ಕಡತವನ್ನು ಮಾತ್ರ ಕ್ರಿಟಾದ ಸ್ವಂತ ಕೆಆರ್‌ಎ ರೂಪದಲ್ಲಿಯೇ ಉಳಿಸಿ, ಏಕೆಂದರೆ ಜೆಪಿಜಿಯಲ್ಲಿ ಪದರಗಳೆಲ್ಲ ಒಂದಾಗಿಬಿಡುತ್ತವೆ.