ಜೋಳದ ರೊಟ್ಟಿ ತಿನ್ನೋರಿಗೆ ಮೈದಾ ಚೀಲ

ಹೋದ ಸಂಚಿಕೇಲಿ ಬಡವರಿಗೆ ರೇಶನ್ ಕಿಟ್, ಅಂದ್ರೆ ದಿನಸಿ ಚೀಲ, ಹಂಚೋ ವಿಷಯ ಎರಡೇ ಸಾಲು ಬರೆದಿದ್ದೆ ಅಷ್ಟೇ, ಅದಕ್ಕೆ ಬಂದಿರೋ ಪತ್ರ, ವಾಟ್ಸಾಪ್ ಎಲ್ಲ ಸೇರಿಸಿದ್ರೆ ಈ ತಿಂಗಳು ಬೇರೆ ಪ್ರಶ್ನೆಗೆ ಜಾಗಾನೇ ಇಲ್ಲ. ಸೊಸೈಟಿ ಮೆಂಟೆನೆನ್ಸ್ ಜಗಳ, ಮಂಡಿನೋವು ಇತ್ಯಾದಿ ಕೇಳಿದೋರು ಸ್ವಲ್ಪ ತಡ್ಕೊಳ್ಳಿ. ಹೆಸರು ಹಾಕಬೇಡಿ ಅಂತ ಎಲ್ಲರೂ ಹೇಳಿದ್ರಿಂದ ಊರು ಮಾತ್ರ ಹಾಕಿದೀನಿ.

ಪ್ರಶ್ನೆ: ನಮ್ಮ ಮಹಿಳಾ ಮಂಡಳಿಯಿಂದ ದೀಪಾವಳಿಗೆ ಇಲ್ಲಿನ ನಾಕಾದಲ್ಲಿ (ದಿನಗೂಲಿ ಕೆಲಸಕ್ಕೆ ಕಾಯೋ ಚೌಕ) ನಿಲ್ಲೋ ನಮ್ಮ ಕನ್ನಡದ ಕೂಲಿ ಜನಕ್ಕೆ 40 ಕಿಟ್ ಕೊಟ್ವಿ. ಮೈದಾ, ಪಾಸ್ತಾ, ರಾಜ್ಮಾ, ಸಕ್ಕರೆ, ಒಂದು ಬಿಸ್ಕಿಟ್ ಪ್ಯಾಕು. ಮಾರನೇ ದಿನ ನೋಡಿದ್ರೆ ಒಬ್ಬ ಹೆಂಗಸು ಮೈದಾ, ರಾಜ್ಮಾ ಎರಡನ್ನೂ ಕಿರಾಣಿ ಅಂಗಡಿಗೆ ಮಾರ್ತಿದ್ಳು. ತುಂಬಾ ಬೇಜಾರಾಯ್ತು. ಇಂಥವರಿಗೆ ಕೊಡೋದೇ ತಪ್ಪಾ?
(ಡೊಂಬಿವಿಲಿ, ಮುಂಬೈ ಹತ್ತಿರ)

ಉತ್ತರ: ಮಾರಿದ್ದು ನೋಡಿದ್ರಿ ಅಕ್ಕಾ, ಆ ದುಡ್ಡಲ್ಲಿ ಏನ್ ತಗೊಂಡ್ಳು ಅಂತ ನೋಡಿದ್ರಾ? ನನ್ನ ಲೆಕ್ಕದಲ್ಲಿ ಜೋಳನೋ, ಬ್ಯಾಳಿನೋ, ಎಣ್ಣೆನೋ ಇರುತ್ತೆ. ನಾಕಾದಲ್ಲಿ ನಿಲ್ಲೋ ನಮ್ಮವರು ಹೆಚ್ಚಿನೋರು ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯೋರು, ಹುಟ್ಟಿದಾಗಿಂದ ಜೋಳದ ರೊಟ್ಟಿ ತಿಂದೋರು, ಅವರಿಗೆ ಪಾಸ್ತಾ ಕೊಟ್ಟು ಅದನ್ನ ಏನ್ ಮಾಡ್ಲಿ ಅಂತೀರಾ. ರಾಜ್ಮಾ ರಾತ್ರಿಯಿಡೀ ನೆನೆಸಿ ಆಮೇಲೆ ಕುಕ್ಕರ್‌ನಲ್ಲಿ ಎಷ್ಟೊತ್ತು ಕೂಗಿಸ್ಬೇಕು, ಅವರ ಹತ್ರ ಇರೋದು ಚಿಕ್ಕ 5 ಕಿಲೋ ಸಿಲಿಂಡರು, ಅದೂ ಮುಗಿದ್ರೆ ಸೈಟಿನ ಸೆಂಟ್ರಿಂಗ್ ಕಟ್ಟಿಗೆ ಚೂರಲ್ಲಿ ಒಲೆ.

ನಗಬೇಡಿ, ಈ ತಪ್ಪು ನಾನೂ ಮಾಡಿದೀನಿ. 2020ರ ಲಾಕ್‌ಡೌನ್‌ನಲ್ಲಿ ಪುಣೆಯ ಹಡಪ್ಸರ ಆಚೆ ಒಂದು ತಗಡಿನ ಶೆಡ್ಡಿಗೆ ನಾವು ನಾಲ್ಕು ಜನ ಕಿಟ್ ಹೊತ್ಕೊಂಡು ಹೋದ್ವಿ, ನಾವೇನೋ ಬುದ್ಧಿವಂತರು ಅನ್ಕೊಂಡು ಪ್ಯಾಕೆಟ್ ಜೋಳದ ಹಿಟ್ಟೇ ಹಾಕಿಸಿದ್ವಿ. ಅಲ್ಲಿದ್ದ ಒಬ್ಬ ಅಜ್ಜಿ ಪ್ಯಾಕೆಟ್ ಮೂಲೆ ಹಲ್ಲಿಂದ ಕಚ್ಚಿ ಹರಿದು, ಒಂದು ಚಿಟಿಕೆ ಹಿಟ್ಟು ಅಂಗೈಗೆ ಹಾಕ್ಕೊಂಡು, ನಾಲ್ಕು ಹನಿ ನೀರು ಬಿಟ್ಟು ಹೆಬ್ಬೆಟ್ಟಲ್ಲಿ ತಿಕ್ಕಿ ನೋಡಿದ್ಳು. "ಇದಕ್ಕ ಜಿಗಿನೇ ಇಲ್ಲೋ ಯಪ್ಪಾ, ಹಳೇ ಹಿಟ್ಟ ಐತಿ, ಬಡಿಯಾಕ ಹೋದ್ರ ಹರೀತದ" ಅಂದ್ಳು. ಬೈದಿದ್ದಲ್ಲ, ಸುಮ್ನೆ ಹೇಳಿದ್ದು. ಜೋಳದ ಹಿಟ್ಟು ಬೀಸಿ ಬಹಳ ದಿನ ಆಯ್ತು ಅಂದ್ರೆ ಜಿಗಿ, ಅಂದ್ರೆ ಅಂಟು, ಹೋಗುತ್ತೆ, ಆಮೇಲೆ ಕುದಿಯೋ ನೀರು ಹಾಕಿ ಎಷ್ಟು ನಾದಿದ್ರೂ ಅಷ್ಟೇ. ಅವತ್ತಿಂದ ನಾವು ಹಿಟ್ಟು ಕೊಡೋದು ಬಿಟ್ವಿ, ಕಾಳು ಜೋಳನೇ ಕೊಡ್ತೀವಿ, ಹತ್ತಿರದ ಗಿರಣಿಯವನಿಗೆ ಬೀಸೋ ಕಾಸು ಮೊದ್ಲೇ ಕಟ್ಟಿಬಿಡ್ತೀವಿ, ಅವರು ಬೇಕಾದ ಹಾಗೆ ಎರಡೆರಡು ಕಿಲೋ ಬೀಸಿಸ್ಕೊಂಡು ಹೋಗ್ತಾರೆ.

ನಾಲ್ಕು ಜನದ ಮನೆಗೆ ಹದಿನೈದು ದಿನ ಅಂತ ಹಿಡಿದ್ರೆ ಜೋಳ 12 ಕಿಲೋ, ಅಕ್ಕಿ 5, ತೊಗರಿ ಬ್ಯಾಳಿ 2, ಶೇಂಗಾ 1, ಎಣ್ಣೆ ಒಂದೂವರೆ ಲೀಟರ್, ಉಳ್ಳಾಗಡ್ಡಿ, ಉಪ್ಪು, ಖಾರದಪುಡಿ, ಚಾಪುಡಿ. ಇಷ್ಟು ಹಾಕಿದ್ರೆ ಚೀಲ ಭಾರ ಆಗುತ್ತೆ, ಕಿಟ್ ಸಂಖ್ಯೆ ಕಮ್ಮಿ ಆಗುತ್ತೆ. ಆಗ್ಲಿ ಬಿಡಿ, 40ರ ಬದಲು 15 ಮನೆ. ಆದ್ರೆ ಚೀಲ ಕಟ್ಟೋಕೆ ಮುಂಚೆ ಒಬ್ಬರು ಹೋಗಿ ಕೇಳ್ಕೊಂಡು ಬರ್ಬೇಕು, ನೀವು ಏನ್ ತಿಂತೀರಿ, ಒಲೆ ಯಾವುದು, ಹಾಲು ಕುಡಿಯೋ ಕೂಸು ಇದೆಯಾ ಅಂತ.

ಇನ್ನೊಂದು ಮಾತು, ದೀಪಾವಳಿಗೆ ಎಲ್ಲರೂ ಕೊಡ್ತಾರೆ, ಒಂದೇ ಶೆಡ್ಡಿಗೆ ಮೂರು ಸಂಸ್ಥೆಯವರು ಬ್ಯಾನರ್ ಹಿಡ್ಕೊಂಡು ಬಂದಿರ್ತಾರೆ. ನಿಜವಾದ ಹಸಿವು ಜೂನ್, ಜುಲೈದು. ಮಳೆ ಹಿಡೀತು ಅಂದ್ರೆ ಕಟ್ಟೋ ಕೆಲಸ ನಿಧಾನ, ಬೆಳಿಗ್ಗೆ ಎಂಟಕ್ಕೆ ನಾಕಾದಲ್ಲಿ ನಿಂತೋರು ಹತ್ತೂವರೆಗೆ ಬುತ್ತಿ ಹಿಡ್ಕೊಂಡು ವಾಪಸ್ ಬರ್ತಾರೆ, ಅದೇ ಹೊತ್ತಿಗೆ ಮಕ್ಕಳ ಸ್ಕೂಲು ಬೇರೆ ಶುರು. ನಿಮ್ಮ ಅಜ್ಜಿ ಕಾಲದಲ್ಲಿ ದಿನಾ ಅನ್ನಕ್ಕಿಡೋವಾಗ ಮಠಕ್ಕೆ ಅಂತ ಒಂದು ಮುಷ್ಟಿ ಅಕ್ಕಿ ತೆಗೆದಿಡ್ತಿದ್ರಲ್ಲ, ಅದನ್ನೇ ಶುರು ಮಾಡಿ. ಆದ್ರೆ ಅಕ್ಕಿ ತಿಂಗಳುಗಟ್ಟಲೆ ಕೂಡಿಡಬೇಡಿ, ನಮ್ಮ ಕಡೆ ಮಳೆಗಾಲದ ಹವಾಗೆ ಹುಳ ಬೀಳುತ್ತೆ. ತಿಂಗಳ ಕೊನೆಗೆ ಅದರ ಬೆಲೆ ಲೆಕ್ಕ ಹಾಕಿ ದುಡ್ಡು ಡಬ್ಬಿಗೆ ಹಾಕಿ, ಮೇ ಕೊನೇಲಿ ಒಟ್ಟಿಗೆ ಜೋಳ ಕೊಳ್ಳಿ. ಮತ್ತೆ ಕೊಡೋವಾಗ ಫೋಟೋ ಬೇಡ. ಲೆಕ್ಕ ತೋರಿಸ್ಬೇಕು ಅಂದ್ರೆ ಅಂಗಡಿ ಬಿಲ್ಲಿನ ಫೋಟೋ ಹಾಕಿ, ಅದು ಯಾರಿಗೂ ಮುಜುಗರ ಮಾಡಲ್ಲ.

ಪ್ರಶ್ನೆ: ನಮ್ದು ವಿಜಯಪುರ ಜಿಲ್ಲಾರೀ, ಗೋವಾಕ್ಕ ಬಂದು ಎಂಟ ವರ್ಷ ಆತು. ರೇಶನ್ ಕಾರ್ಡ ಊರಾಗ ಐತಿ, ಅತ್ತಿ ಮಾವ ಅಲ್ಲೇ ಅದಾರ. ಇಲ್ಲಿ ಅಂಗಡ್ಯಾವ ಗೋವಾದ ಕಾರ್ಡ ತಗೊಂಡ ಬಾ ಅಂತಾನ. ನಮ್ಮನಿಯವ್ರು ಗೌಂಡಿ, ಸಿಮೆಂಟ್ ಹಿಡದ ಹಿಡದ ಅವರ ಹೆಬ್ಬೆಟ್ಟ ಮಶಿನ್‌ದಾಗ ಬರಂಗಿಲ್ಲ. ಏನ ಮಾಡೂದ್ರೀ?
(ಝುವಾರಿನಗರ, ಗೋವಾ)

ಉತ್ತರ: ತಂಗೀ, ಅಂಗಡಿಯವನು ಹೇಳಿದ್ದು ಸರಿ ಇಲ್ಲ. ಒಂದು ದೇಶ ಒಂದು ರೇಶನ್ ಕಾರ್ಡ್ ಅಂತ ಯೋಜನೆ ಇದೆ, 2019ರಲ್ಲಿ ಕೆಲವೇ ರಾಜ್ಯದಲ್ಲಿ ಶುರುವಾಗಿದ್ದು, 2020ರ ಜನವರಿಯಲ್ಲೇ ಕರ್ನಾಟಕ, ಮಹಾರಾಷ್ಟ್ರ, ಗೋವಾ ಮೂರೂ ಅದರೊಳಗೆ ಬಂದಿವೆ, 2022ಕ್ಕೆ ಇಡೀ ದೇಶ ಆಯ್ತು. ಊರಿನ ಬಿಪಿಎಲ್ ಕಾರ್ಡಿನ ನಂಬರ್ ಇಲ್ಲಾ ಆಧಾರ್ ನಂಬರ್ ಹೇಳಿದ್ರೆ ಸಾಕು, ಗೋವಾದ ಕಾರ್ಡ್ ಬೇಕಿಲ್ಲ. 2013ರ ಆಹಾರ ಭದ್ರತಾ ಕಾಯ್ದೆ ಪ್ರಕಾರ ತಲೆಗೆ ತಿಂಗಳಿಗೆ 5 ಕಿಲೋ, 2023ರ ಜನವರಿಯಿಂದ ಅದಕ್ಕೆ ದುಡ್ಡೂ ಇಲ್ಲ. ಕರ್ನಾಟಕ ಸರ್ಕಾರ ತನ್ನ ಕಡೆಯಿಂದ ಕೊಡೋ ಹೆಚ್ಚಿನದು ಮಾತ್ರ ಇಲ್ಲಿ ಸಿಗಲ್ಲ, ಅದನ್ನ ಇಲ್ಲಿ ಕೇಳಿ ಜಗಳ ಆಡ್ಬೇಡಿ.

ಈಗ ಮುಖ್ಯ ವಿಷಯ ಕೇಳಿ. ಕಾರ್ಡಿನಲ್ಲಿ ಆರು ಜನ ಇದ್ರೆ ಇಲ್ಲಿ ಆರೂ ಜನದ್ದು ಎತ್ತಬೇಡಿ, ಎತ್ತಿದ್ರೆ ಊರಲ್ಲಿ ಅತ್ತೆ ಮಾವ ಅಂಗಡಿಗೆ ಹೋದಾಗ "ನಿಮ್ದು ಆಗೋಗೈತಿ" ಅಂತಾರೆ, ಅವರು ಗೋಣಿಚೀಲ ಮಡಚ್ಕೊಂಡು ವಾಪಸ್ ಬರೋದು. ನಿಮ್ಮ ಪಾಲು ಇಷ್ಟು ಕಿಲೋ ಅಂತ ಹೇಳಿ ಅಷ್ಟೇ ತಗೊಳ್ಳಿ, ಹಾಗೆ ಒಡೆದು ತಗೊಳ್ಳೋಕೆ ಅವಕಾಶ ಇದೆ. ಹೆಬ್ಬೆಟ್ಟಿನ ವಿಷಯ, ಯಜಮಾನರೇ ಹೋಗ್ಬೇಕು ಅಂತ ಏನಿಲ್ಲ, ಕಾರ್ಡಿನಲ್ಲಿ ಹೆಸರಿದ್ದು ಆಧಾರ್ ಜೋಡಣೆ ಆಗಿದ್ರೆ ನೀವೇ ಹೋಗಿ ಬೆರಳು ಇಡಬಹುದು. ಊರಲ್ಲಿ ಇ-ಕೆವೈಸಿ (ಆಧಾರ್ ಜೊತೆ ಗುರುತು ತಾಳೆ ನೋಡೋದು) ಆಗಿದೆಯಾ ಅಂತ ಮಾವನ ಕಡೆ ಒಂದ್ಸಲ ವಿಚಾರಿಸಿ. ಇಷ್ಟಾದ್ಮೇಲೂ ಅಂಗಡಿಯವನು ಇಲ್ಲ ಅಂದ್ರೆ ಅಲ್ಲೇ ನಿಂತು ಈ ಯೋಜನೆಯ ಸಹಾಯವಾಣಿ 14445ಕ್ಕೆ ಫೋನ್ ಹಚ್ಚಿ. ಎಷ್ಟೋ ಸಲ ಫೋನ್ ಕಿವಿಗೆ ಇಟ್ಟ ತಕ್ಷಣ ಮಶಿನ್ ಸರಿ ಹೋಗುತ್ತೆ, ಅದೇನು ಮಾಯೆಯೋ.

ಪ್ರಶ್ನೆ: ನಮ್ಮದು ಸಣ್ಣ ಹೋಟೆಲು. ರಾತ್ರಿ ಮುಚ್ಚುವಾಗ ಇಡ್ಲಿ, ಅನ್ನ, ಸಾಂಬಾರು ಉಳೀತದೆ ಮಾರಾಯ್ರೇ, ಚೆಲ್ಲುವಾಗ ಹೊಟ್ಟೆ ಉರೀತದೆ. ಕೊಟ್ರೆ ಯಾರಿಗಾದ್ರೂ ಹೊಟ್ಟೆ ಕೆಟ್ಟು ಕೇಸ್ ಆದ್ರೆ ಅಂತ ಹೆದರಿಕೆ.
(ಘಾಟ್ಕೋಪರ್, ಮುಂಬೈ)

ಉತ್ತರ: ಹೆದರಿಕೆ ಇರೋದು ಒಳ್ಳೇದೇ ಅಣ್ಣ, ಹೆದರಿಕೆ ಇಲ್ಲದೋರೇ ಬೆಳಗಿನ ಚಟ್ನಿ ರಾತ್ರಿ ಕೊಡೋದು. ಉಳಿದ ಊಟ ಹಂಚೋದಕ್ಕೆ ಅಂತಲೇ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನವರು 2019ರಲ್ಲಿ ನಿಯಮ ಮಾಡಿದಾರೆ. ತಾತ್ಪರ್ಯ ಇಷ್ಟೇ, ಗಿರಾಕಿಗೆ ಬಡಿಸದೆ ಪಾತ್ರೇಲಿ ಉಳಿದಿದ್ದು ಮಾತ್ರ, ಎಲೆಗೆ ಹೋಗಿ ಬಂದಿದ್ದು ಅಲ್ಲ. ಬಿಸಿದು 60 ಡಿಗ್ರಿ ಮೇಲೇ ಇರ್ಬೇಕು, ತಣ್ಣಗಿನದು ಫ್ರಿಜ್‌ನಲ್ಲಿ 5 ಡಿಗ್ರಿ ಒಳಗೆ, ಡಬ್ಬದ ಮೇಲೆ ಏನು, ಯಾವಾಗ ಮಾಡಿದ್ದು, ವೆಜ್ಜಾ ನಾನ್‌ವೆಜ್ಜಾ ಅಂತ ಚೀಟಿ. ತೆಂಗಿನಕಾಯಿ ಚಟ್ನಿ, ಕಾಯಿ ಅರೆದು ಹಾಕಿದ ಸಾಂಬಾರು ಕೊಡಲೇಬೇಡಿ, ಮುಂಬೈ ಸೆಖೆಗೆ ಅದು ಯಾವಾಗ ಹಳಸುತ್ತೆ ಅಂತ ನಿಮಗೆ ನಾನು ಹೇಳ್ಬೇಕಾ. ಇಡ್ಲಿ ಜೊತೆ ಚಟ್ನಿಪುಡಿ ಪೊಟ್ಟಣ ಇಡಿ. ನೀವೇ ರಸ್ತೇಲಿ ಹಂಚೋಕೆ ಹೋಗೋ ಬದಲು ಗಾಡಿ ಇರೋ ಸಂಸ್ಥೆಗೆ ಕೊಡಿ, ಮುಂಬೈ ಪೊಲೀಸ್ ಕಮಿಷನರ್ ಆಗಿದ್ದ ಡಿ. ಶಿವಾನಂದನ್ ರಿಟೈರ್ ಆದ್ಮೇಲೆ ಶುರು ಮಾಡಿದ ರೋಟಿ ಬ್ಯಾಂಕ್ ಇದೆ, 2014ರಲ್ಲಿ ದಿಲ್ಲಿಯಲ್ಲಿ ಹುಟ್ಟಿದ ರಾಬಿನ್ ಹುಡ್ ಆರ್ಮಿಯ ಹುಡುಗರು ಇದಾರೆ. ಹೊತ್ತಿಗೆ ಸರಿಯಾಗಿ ಬರ್ತಾರಾ ಅಂತ ಮೊದಲೇ ಮಾತಾಡ್ಕೊಳ್ಳಿ, ಹನ್ನೊಂದು ಗಂಟೆಗೆ ಬರ್ತೀನಿ ಅಂದೋರು ಒಂದು ಗಂಟೆಗೆ ಬಂದ್ರೆ ಕೊಡ್ಬೇಡಿ, ಚೆಲ್ಲಿ. ಆಮೇಲೆ ಒಂದು ವಾರ ಏನೇನು ಎಷ್ಟು ಉಳೀತು ಅಂತ ಬರೆದಿಡಿ, ಅರ್ಧ ಉಳಿಕೆ ಹಿಟ್ಟು ರುಬ್ಬೋ ಹೊತ್ತಲ್ಲೇ ಕಮ್ಮಿ ಮಾಡಬಹುದು.

ಪ್ರಶ್ನೆ: ಐದು ತಿಂಗಳಾಯ್ತು, ಇವರ ಕಂಪನಿ ಮುಚ್ಚಿ. ಮಗಳು ಕಾರ್ಪೊರೇಷನ್ ಶಾಲೇಲಿ ಆರನೇ ಕ್ಲಾಸು, ಮಧ್ಯಾಹ್ನದ ಊಟ ಬೇಡ ಅಂತಾಳೆ. ನನಗೀಗ ಏಳು ತಿಂಗಳು. ಕಿಟ್ ಹಂಚೋ ಮಂಡಳೀಲಿ ಹೋದ ವರ್ಷ ನಾನೇ ಕೊಡೋ ಕಡೆ ನಿಂತಿದ್ದೆ, ಈಗ ಅವರಿಗೇ ಹೇಗೆ ಕೇಳ್ಲಿ?
(ಪಿಂಪ್ರಿ, ಪುಣೆ)

ಉತ್ತರ: ತಂಗೀ, ಮಂಡಳಿಗೆ ಹೋಗೋಕೆ ಮುಂಚೆ ಹತ್ತಿರದ ಅಂಗನವಾಡಿಗೆ ಹೋಗು. ಗರ್ಭಿಣಿಯರಿಗೆ, ಹೆರಿಗೆ ಆಗಿ ಆರು ತಿಂಗಳವರೆಗೂ ಅಲ್ಲಿ ಆಹಾರ ಸಿಗ್ಬೇಕು, ಅದು ಕಾನೂನು, ಬಿಪಿಎಲ್ ಕಾರ್ಡ್ ಇದ್ರೇನೇ ಅಂತಿಲ್ಲ. ಆಧಾರ್, ತಾಯಿ ಕಾರ್ಡ್ ತಗೊಂಡು ಹೆಸರು ಬರೆಸು. ಶಾಲೆ ಊಟನೂ ಎಂಟನೇ ಕ್ಲಾಸಿನವರೆಗೆ ಎಲ್ಲ ಮಕ್ಕಳಿಗೂ ಇರೋದು, ಮಗಳಿಗೆ ಅದು ಬಡವರ ಊಟ ಅಂತ ಯಾರೋ ಗೆಳತಿ ಹೇಳಿರ್ತಾಳೆ. ಒಂದು ದಿನ ನೀನೂ ಶಾಲೆಗೆ ಹೋಗಿ ಖಿಚಡಿ ರುಚಿ ನೋಡ್ಕೊಂಡು ಬಾ, ಚೆನ್ನಾಗಿಲ್ಲದಿದ್ರೆ ಬೈಯೋಕೂ ನಿನಗೆ ಹಕ್ಕಿದೆ. ಭಾನುವಾರ ಮೂರೂ ಜನ ಗುರುದ್ವಾರಕ್ಕೆ ಹೋಗಿ ಬನ್ನಿ, ತಲೆ ಮೇಲೆ ಸೆರಗು, ಸಾಲಲ್ಲಿ ಕೂತ್ರೆ ಬಡಿಸ್ತಾರೆ, ಯಾರು ಏನು ಅಂತ ಅಲ್ಲಿ ಯಾರೂ ಕೇಳಲ್ಲ.

ಇನ್ನು ಮಂಡಳಿ. ಮೀಟಿಂಗಿಗೆ ಹೋಗ್ಬೇಡ, ಗ್ರೂಪಲ್ಲಿ ಹಾಕಬೇಡ. ನಿನಗೆ ಹತ್ತಿರದವರು ಯಾರಿದಾರೋ ಅವರೊಬ್ಬರಿಗೇ ಫೋನ್ ಮಾಡಿ "ಮೂರು ತಿಂಗಳು ನಮ್ಮನೆಗೂ ಒಂದು ಚೀಲ ಇಡಿ" ಅಷ್ಟೇ ಹೇಳು. ಯಾಕೆ, ಏನಾಯ್ತು ಅಂತ ಅವರು ಜಾಸ್ತಿ ಕೆದಕಿದ್ರೆ ನನಗೆ ಇನ್ನೊಂದು ಪತ್ರ ಹಾಕು, ಅವರಿಗೆ ಏನ್ ಬರೀಬೇಕೋ ನಾನೇ ಬರೀತೀನಿ.